ರಾಧಾಮಣಿ ನರ್ಸಮ್ಮನೂ ಕದಿರಯ್ಯನ ಹಾಲಿನ ಚೀಟಿಯೂ

ಕೊಳಾಲದ ಆಸುಪಾಸಿನ ಹತ್ತೂರಿಗೆ ರಾಧಾಮಣಿ ನರ್ಸಮ್ಮನೇ ಸೇನಾಧಿಪತಿ. ಆಯುಧ, ಬಿ.ಪಿ. ನೋಡುವ ಮೆಷೀನು. ರಥ, ಹದಿನಾಲ್ಕು ವರ್ಷದ ಸ್ಕೂಟಿ. ದಿನಾ ಬೆಳಿಗ್ಗೆ ಎಂಟಕ್ಕೆ ಆ ರಥ ರುದ್ರಯ್ಯನ ಇಡ್ಲಿ ಹೋಟೆಲು ದಾಟುವಾಗ ಒಳಗಿಂದ ಬಾಣ ಬರುತ್ತಿತ್ತು: "ನರ್ಸಮ್ಮ, ಆ ಕೆಮ್ಮಿನ ಔಷಧಿ ನಿನ್ ಗಾಡಿಗೂ ಒಂಚೂರು ಕುಡ್ಸು!" ರುದ್ರಯ್ಯ ಯಾರನ್ನೂ ಬಿಟ್ಟವನಲ್ಲ. ಇಡ್ಲಿಗೆ ಕಾಸು, ಚಟ್ನಿಯೂ ಚುಚ್ಚುಮಾತೂ ಪುಕ್ಕಟೆ.

ಆ ಸೋಮವಾರ ಬಾಣ ಬರಲಿಲ್ಲ. ರಾಧಾಮಣಿ ಬ್ರೇಕ್ ಹಾಕಿದಳು.

ರುದ್ರಯ್ಯ ಬೆಂಚಿನ ಮೇಲೆ ಕೂತಿದ್ದ. ನಗಲು ಹೋದರೆ ಬಾಯಿಯ ಬಲಗಡೆ ಅಲುಗಲಿಲ್ಲ. ಎರಡೂ ಕೈ ಎತ್ತಿಸಿದರೆ ಬಲಗೈ ಮೆಲ್ಲಗೆ ಜಾರಿತು. ಮಾತು ತೊದಲಿತು. ಹೆಂಡತಿ ಸರೋಜಮ್ಮ ಬಿಸಿ ಕಾಫಿ ಹಿಡಿದು ಓಡಿಬಂದಳು.

"ಲಕ್ವ ಹೊಡ್ದೋರಿಗೆ ನುಂಗಕ್ಕಾಗಲ್ಲ, ಉಸಿರಿನ ದಾರಿಗೆ ಹೋಗ್ಬುಟ್ರೆ?" ಎಂದು ರಾಧಾಮಣಿ ಲೋಟ ಕಿತ್ತುಕೊಂಡು, ಶತ್ರು ಮತ್ತೆ ಬಾರದಂತೆ ತಾನೇ ಕುಡಿದು ಮುಗಿಸಿದಳು. 108ಕ್ಕೆ ಫೋನಾಯಿತು. ಬೆರಳು ಚುಚ್ಚಿ ನೋಡಿದಳು, ರಕ್ತದಲ್ಲಿ ಸಕ್ಕರೆ ಇಳಿದಿರಲಿಲ್ಲ.

"ಕೊನೇಗೆ ಚೆನ್ನಾಗಿದ್ದದ್ದು ಎಷ್ಟೊತ್ತಿಗೆ? ನಾಲ್ಕೂವರೆ ಗಂಟೆ ಒಳಗೆ ತುಮಕೂರಲ್ಲಿ ತಲೆ ಸ್ಕ್ಯಾನ್ ಆಗಿ, ರಕ್ತ ಹೆಪ್ಪುಗಟ್ಟಿದ್ರೆ ಕರಗಿಸೋ ಇಂಜೆಕ್ಷನ್ ಕೊಡ್ಬೇಕು. ಟೈಮ್ ಗೊತ್ತಿಲ್ದಿದ್ರೆ ಕೊಡಲ್ಲ."

"ಎರಡನೇ ಒಬ್ಬೆ ಇಡ್ಲಿ ಇಳಿಸ್ದಾಗ ಚೆನ್ನಾಗೇ ಇದ್ರು."

"ಇಳಿಸಿದ್ದು ಎಷ್ಟೊತ್ತಿಗೆ?"

"ಬೆಂದಾಗ ಇಳಿಸ್ದೆ ಕಣಮ್ಮ, ಗಂಟೆ ಯಾರು ನೋಡ್ತಾರೆ?"

ಮೂಲೆಯಲ್ಲಿ ಊರ ಹಿರಿಯ ಕದಿರಯ್ಯ ಪಂಚೆ ಸರಿಮಾಡಿಕೊಳ್ಳುತ್ತಿದ್ದ. ಎದುರಿನ ಡೈರಿಗೆ ಹಾಲು ಹಾಕಿ ನೇರ ಇಲ್ಲಿಗೇ ಬಂದವನು.

"ಕದಿರಣ್ಣ, ನೀನೇನಾದ್ರೂ ಕಂಡ್ಯಾ?"

"ನಂಗೇನೂ ಅಂದಿಲ್ಲ ಅವ್ನು."

"ಅಂದ ಅಂತ ನಾನೆಲ್ಲಿ ಹೇಳ್ದೆ?"

ಹೋಟೆಲೆಲ್ಲ ಅವನತ್ತ ತಿರುಗಿತು. ಒಂದು ಕಡೆ ಅರವತ್ತೆಂಟು ವರ್ಷ ಕಾಪಾಡಿಕೊಂಡ ಮರ್ಯಾದೆ, ಇನ್ನೊಂದು ಕಡೆ ರುದ್ರಯ್ಯನ ಬಲಗೈ. ಕದಿರಯ್ಯ ತಲೆ ತಗ್ಗಿಸಿದ. "'ಎಮ್ಮೇನ ಕೆರೇಲಿ ನಿಲ್ಲಿಸ್ಕೊಂಡೇ ಹಾಲು ಕರೆದ್ಯಾ' ಅಂದ. ಒಂದಕ್ಷರ ತೊದಲಲಿಲ್ಲ ಬೇವರ್ಸಿ. ಆಗಿನ್ನೂ ಈ ಚೀಟಿ ನನ್ ಕೈಯಲ್ಲೇ ಇತ್ತು."

ಡೈರಿ ಚೀಟಿಯಲ್ಲಿ ಹಾಲು ಹಾಕಿದ ಹೊತ್ತು ಅಚ್ಚಾಗಿತ್ತು: ಏಳು ಹನ್ನೆರಡು.

ರುದ್ರಯ್ಯನ ಜೊತೆ ಚೀಟಿಯೂ ಆಂಬ್ಯುಲೆನ್ಸ್ ಹತ್ತಿತು. ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. ಹತ್ತಕ್ಕೆಲ್ಲ ಇಂಜೆಕ್ಷನ್ ಬಿತ್ತು.

ತಿಂಗಳಾದ ಮೇಲೆ ರುದ್ರಯ್ಯ ಮತ್ತೆ ಹೋಟೆಲಿನಲ್ಲಿ ಕೂತ. ಚಟ್ನಿ ಬಡಿಸುವಾಗ ಬಲಗೈ ಇನ್ನೂ ಸ್ವಲ್ಪ ಸೋಮಾರಿ. ಎಂಟಕ್ಕೆ ಸ್ಕೂಟಿ ಕೆಮ್ಮುತ್ತಾ ಬಂದಾಗ ಕದಿರಯ್ಯ ರಸ್ತೆಗೇ ಇಳಿದು ಅಂದಿನ ಚೀಟಿ ಚಾಚಿದ.

"ಬರ್ಕೊಳಮ್ಮ, ಏಳು ಇಪ್ಪತ್ತು. 'ಹಾಲಲ್ಲಿ ಮೀನು ಸಿಕ್ತಾ' ಅಂದ. ಚೆನ್ನಾಗವ್ನೆ."