ಮುಚ್ಚಳದ ಒಳಗಿನ ಗೀರು

ಊರಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಶಾಲೆಯ ಮೇಷ್ಟರೊಬ್ಬರು ತಮ್ಮ ಕೈಗಡಿಯಾರಕ್ಕೆ ಸೆಲ್ಲು ಹಾಕಿಸಲು ಮೊದಲ ಸಲ ಆ ಗಡಿಯಾರ ರಿಪೇರಿಯವನ ಬಳಿಗೆ ಹೋದಾಗ, ಅವನು ತಲೆಯೆತ್ತದೆಯೇ, "ನಿಂತೇ ನೋಡಿ ಸ್ವಾಮಿ. ಎಲ್ರೂ ಹಾಗೇ ನೋಡೋದು, ನನಗೇನೂ ಬೇಜಾರಿಲ್ಲ" ಎಂದನು. ಮೇಷ್ಟರಿಗೆ ಮಾತಿನ ಒಳಗು ತಿಳಿಯಲಿಲ್ಲ. ಆದರೂ ನಿಂತರು. ಹೊರಟಾಗ ಪಕ್ಕದ ಹೊಲಿಗೆಯಂಗಡಿಯವಳು ಕರೆದು, "ಒಂಟಿಗಣ್ಣನ ಹತ್ರ ವಾಚು ಬಿಟ್ಟು ಮಾತ್ರ ಹೋಗ್ಬೇಡಿ ಸಾರ್. ಕೈ ಸರಿಯಿಲ್ಲ" ಎಂದು ಕಿವಿಮಾತು ಹೇಳಿದಳು.

ಅವನಿಗೆ ಎರಡು ಕಣ್ಣೂ ನೆಟ್ಟಗಿದ್ದವು. ಬೆಳಗ್ಗೆ ಬಲಗಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನು ಊಟದ ಹೊತ್ತಿಗೂ ತೆಗೆಯುತ್ತಿರಲಿಲ್ಲವಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಹಳೆಯ ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವನ ಜಾಗ. ಒಂದು ಸ್ಟೂಲು, ತಿರುಪುಮೊಳೆ ಉರುಳಿ ಬೀಳದಂತೆ ಅಂಚು ಕಟ್ಟಿದ ಮೇಜು, ಒಂದು ದೀಪ. ಯಾರಾದರೂ ದಡದಡ ಮೆಟ್ಟಿಲು ಹತ್ತಿದರೆ ಮೇಲಿನಿಂದ ಧೂಳು ಉದುರುವುದು. ಅವನು ಬಿಚ್ಚಿಟ್ಟ ಗಡಿಯಾರದ ಮೇಲೆ ಗಾಜಿನ ಲೋಟವನ್ನು ಕವುಚಿ, ಹತ್ತಿದವರ ವಂಶವನ್ನೆಲ್ಲ ಮೆತ್ತಗೆ ವಿಚಾರಿಸಿಕೊಳ್ಳುವನು.

ಅವನ ತಂದೆಗೆ ದೊಡ್ಡ ಬೀದಿಯಲ್ಲಿ ಹೆಸರಾದ ಗಡಿಯಾರದ ಅಂಗಡಿಯಿತ್ತು. ಅಣ್ಣ ತಮ್ಮ ಇಬ್ಬರೂ ತಂದೆಯ ಎಡಬಲಕ್ಕೆ ಕೂತು ಕಲಿತವರು. ಯಾವ ಗಡಿಯಾರ ಬಿಚ್ಚಿದರೂ ಮುಚ್ಚುವ ಮುನ್ನ, ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತನ್ನೂ ತಾರೀಖನ್ನೂ ಗೀರಬೇಕೆಂಬುದು ಆ ಅಂಗಡಿಯ ಕಟ್ಟಳೆ. ತಂದೆಯದು ಸೊನ್ನೆ, ಅಣ್ಣನದು ಮುಕ್ಕೋಣ, ಇವನದು ಎರಡು ಚುಕ್ಕೆ.

ಇವನಿಗೆ ಇಪ್ಪತ್ತಮೂರು ವರ್ಷವಾಗಿದ್ದಾಗ ವಕೀಲರೊಬ್ಬರು ತಮ್ಮ ಚಿನ್ನದ ಗಡಿಯಾರವನ್ನು ಎಣ್ಣೆ ಹಾಕಿಸಲು ಕೊಟ್ಟರು. ಮದುವೆ ಮುಂಜಿಗಳಿಗೆ ಮಾತ್ರ ಕಟ್ಟುವಂಥದ್ದು, ಬಿಸ್ಕತ್ತಿನಷ್ಟು ತೆಳು, ಕೀ ಕೊಟ್ಟು ಓಡಿಸುವಂಥದ್ದು. ತಿಂಗಳೊಪ್ಪತ್ತಿನಲ್ಲಿ ಪರಊರಿನಲ್ಲಿ ಅದು ನಿಂತುಹೋಯಿತು. ಅಲ್ಲಿಯ ರಿಪೇರಿಯವನು ಬಿಚ್ಚಿ ನೋಡಿ, ಚಿನ್ನದ ಡಬ್ಬಿಯೊಳಗೆ ಅಸಲಿ ಮಷೀನಿನ ಬದಲು ಅದೇ ಅಳತೆಯ ಅಗ್ಗದ್ದು ಕೂತಿದೆ ಎಂದನು. ವಕೀಲರು ಅಂಗಡಿಗೆ ಬಂದು ಬೀದಿ ತುಂಬ ಕೇಳುವಂತೆ ಕೂಗಾಡಿದರು. ಗಡಿಯಾರ ಕೊಡಿ, ನೋಡೋಣ ಎಂದು ತಂದೆ ಬೇಡಿದರೆ, "ನಿಮ್ಮ ಕೈಗಾ? ಇನ್ನು ಇದನ್ನ ಯಾರಿಗೂ ಬಿಚ್ಚೋಕೆ ಕೊಡಲ್ಲ" ಎಂದು ಜೇಬಿಗಿಟ್ಟುಕೊಂಡು ಹೋದರು.

ತಂದೆ ಮಕ್ಕಳತ್ತ ತಿರುಗಿದರು. ಅಣ್ಣ, "ಅದನ್ನ ಬಿಚ್ಚಿದ್ದು ತಮ್ಮ" ಎಂದನು. ಇವನು ಅಲ್ಲವೆಂದನು. ತಂದೆ ಇವನ ಚಿಮಟವನ್ನೂ ಭೂತಗನ್ನಡಿಯನ್ನೂ ಒಂದು ಕರವಸ್ತ್ರದಲ್ಲಿ ಕಟ್ಟಿ ಕೈಗೆ ಕೊಟ್ಟು ಬಾಗಿಲು ತೋರಿಸಿದರು.

ಓಡಿಹೋದರೆ ಕದ್ದವನೇ ಎಂದಾಗುತ್ತದೆಂದು ಅವನು ಅದೇ ಊರಿನಲ್ಲಿ ಕೂತನು. ಅದರಿಂದ ಕೀರ್ತಿಯೇನೂ ಬರಲಿಲ್ಲ. ಜನ ಸೆಲ್ಲಿಗೆ, ಬೆಲ್ಟಿಗೆ ಬರುವರು. ಮುಚ್ಚಳ ಹಾಕುವ ತನಕ ಕೊಕ್ಕರೆಯಂತೆ ನಿಂತು ನೋಡುವರು. ಒಂದು ದಿನ ಬಿಟ್ಟುಹೋಗಬೇಕಾದ ಕೆಲಸವನ್ನು ಯಾರೂ ಕೊಡಲಿಲ್ಲ. ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ನೇರ ಮಾಡಬಲ್ಲ ಕೈ ನಲವತ್ತು ವರ್ಷ ಬೆಲ್ಟಿಗೆ ತೂತು ಹಾಕಿತು. ತಂದೆ ತೀರಿಕೊಂಡಾಗ ಬಾಗಿಲ ಹೊರಗೆ ನಿಂತು ಬಂದನು. ಹೆಂಡತಿ ಸಂಕಟದಿಂದ ಮಾವನನ್ನು ಬೈದರೆ, "ಅವರನ್ನ ಅನ್ಬೇಡ ಕಣೇ. ಮೋಸ ಹೋದ್ರು, ಅಷ್ಟೆ. ಗೊತ್ತಾಗಿದ್ರೆ ಅವರೇ ಬಂದು ಕರ್ಕೊಂಡು ಹೋಗ್ತಿದ್ರು" ಎನ್ನುವನು. ಆ ಒಂದು ನಂಬಿಕೆಯ ಮೇಲೆ ಅವನ ಬದುಕು ನಿಂತಿತ್ತು.

ಹೋದ ವರ್ಷ ಹೆಂಗಸೊಬ್ಬಳು ಬಂದು ಕರವಸ್ತ್ರ ಬಿಚ್ಚಿದಳು. "ತಾತನ ವಾಚು. ಲಾಕರಿನಲ್ಲಿತ್ತು. ಓಡೋ ಹಾಗೆ ಮಾಡಿ ಕೊಡ್ತೀರಾ?" ಎಂದವಳೇ, ಬಸ್ಸಿಗೆ ಹೊತ್ತಾಯಿತೆಂದು ಬಿಟ್ಟು ಹೋದಳು. ಅವಳು ಬೇರೆ ಊರಿನವಳು, ಏನೂ ತಿಳಿಯದು.

ವಕೀಲರ ಅದೇ ಚಿನ್ನದ ಗಡಿಯಾರ. ಅವನು ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ಕೊನೆಗೆ ಮುಚ್ಚಳ ತೆಗೆದು ದೀಪದ ಕೆಳಗೆ ಓರೆಯಾಗಿ ಹಿಡಿದನು. ತಂದೆಯ ಸೊನ್ನೆಗಳು ಎರಡು. ಅವುಗಳ ಕೆಳಗೆ, ಆ ವರ್ಷದ ಆ ತಿಂಗಳ ತಾರೀಖಿನೊಂದಿಗೆ, ಒಂದು ಮುಕ್ಕೋಣ. ಅದೇ ಕೊನೆಯ ಗೀರು. ಕದಿಯುವಾಗಲೂ ಅಣ್ಣನ ಕೈ ಅಭ್ಯಾಸ ಬಿಟ್ಟಿರಲಿಲ್ಲ.

ಮುಚ್ಚಳವನ್ನು ಕಾಗದದಲ್ಲಿ ಸುತ್ತಿಕೊಂಡು ಅವನು ನಲವತ್ತು ವರ್ಷಗಳ ಮೇಲೆ ದೊಡ್ಡ ಬೀದಿಯ ಅಂಗಡಿಯ ಮೆಟ್ಟಿಲು ಹತ್ತಿದನು. ಅಣ್ಣ ಗಲ್ಲಾದ ಹಿಂದೆ ಕೂತಿದ್ದನು.

"ಏನಪ್ಪ, ದಾರಿ ತಪ್ತಾ?"

"ಇದನ್ನ ನೋಡು."

ಅಣ್ಣ ಭೂತಗನ್ನಡಿ ಹಿಡಿದು ನೋಡಿದನು. ಮತ್ತೊಮ್ಮೆ ನೋಡಿದನು. ಕಾಗದದ ಮೇಲಿಟ್ಟು ಹಿಂದಕ್ಕೆ ತಳ್ಳಿದನು.

"ನಂದೇ. ಏನೀಗ?"

"ಏನೀಗ ಅಂತೀಯಲ್ಲ ಅಣ್ಣ. ನನ್ನನ್ನ ಕಳ್ಳ ಅಂದ್ಕೊಂಡೇ ಅಪ್ಪ ಸತ್ರು."

ಅಣ್ಣ ಅವನನ್ನು ನೋಡಿದ ನೋಟದಲ್ಲಿ ಕನಿಕರದಂಥದೇನೋ ಇತ್ತು. "ಅಪ್ಪನಿಗೆ ಗೊತ್ತಿತ್ತು ಕಣೋ" ಎಂದನು.

"ಸುಳ್ಳು."

"ನನ್ನಿಂದ ಆ ಮಷೀನು ಕೊಂಡವನು ನಿನ್ನ ಕಳಿಸಿದ ಎಂಟು ದಿನಕ್ಕೆ ಅಂಗಡಿಗೇ ಬಂದು, ಇಂಥದ್ದು ಇನ್ನೊಂದಿದ್ಯಾ ಅಂತ ಅಪ್ಪನನ್ನೇ ಕೇಳ್ದ. ನಾನಿಲ್ಲೇ ಕೂತಿದ್ದೆ. ಅವನು ಹೋದ ಮೇಲೆ ಅಪ್ಪ ನನ್ನ ಕೆನ್ನೆಗೆ ಬಾರಿಸಿದ್ರು. ಆಮೇಲೆ ಅಂದ್ರು, ಇವನನ್ನೂ ಕಳಿಸಿದ್ರೆ ಅಂಗಡಿ ಮುಚ್ಬೇಕು, ಇವನಿಗೆ ಎರಡು ಮಕ್ಕಳು, ಚಿಕ್ಕವನಿಗಿನ್ನೂ ಮದುವೆಯಿಲ್ಲ, ಹೇಗೋ ಬದುಕ್ಕೋತಾನೆ ಅಂತ."

"ಹಾಗಂದ್ರಾ?"

"ಹೂಂ. ನೀರು ಕುಡೀತೀಯಾ?"

ಅವನು ಕುಡಿಯಲಿಲ್ಲ. ಮುಚ್ಚಳ ಸುತ್ತಿಕೊಂಡು ಬಂದನು.

ಗಡಿಯಾರದ ಕೆಲಸವನ್ನು ಮಾತ್ರ ಅರ್ಧಕ್ಕೆ ಬಿಡಲಿಲ್ಲ. ಹಳೇ ಸಾಮಾನಿನವರ ಬುಟ್ಟಿಗಳನ್ನು ಒಂದು ತಿಂಗಳು ಜಾಲಾಡಿ, ಅದೇ ಕಂಪನಿಯ ಸತ್ತ ಉಕ್ಕಿನ ಗಡಿಯಾರದಿಂದ ಸರಿಯಾದ ಮಷೀನು ಹುಡುಕಿದನು. ಚಕ್ರಗಳ ಹಲ್ಲುಹಲ್ಲನ್ನೂ ಪೆಟ್ರೋಲಿನಲ್ಲಿ ತೊಳೆದು, ಸೂಜಿಮೊನೆಯಿಂದ ಎಣ್ಣೆ ಮುಟ್ಟಿಸಿ, ಕೂರಿಸಿದನು. ಗಡಿಯಾರದ ಹಳದಿಗಟ್ಟಿದ ಮುಖಕ್ಕೆ ಬಣ್ಣ ಬಳಿಯಲಿಲ್ಲ.

ವಕೀಲರ ಮೊಮ್ಮಗಳು ಬಂದು ಕಿವಿಗಿಟ್ಟುಕೊಂಡು ಮಗುವಿನಂತೆ ನಕ್ಕಳು. "ತಾತ ಯಾವಾಗ್ಲೂ ಹೇಳೋರು, ಇದರ ಒಳಗಿನ ಮಷೀನನ್ನ ಯಾರೋ ಅಂಗಡಿಯವರ ಚಿಕ್ಕ ಮಗ ಕದ್ದ ಅಂತ. ನಿಮಗೆ ಗೊತ್ತಾ ಆತ?"

"ಗೊತ್ತು. ಅವನು ಕದೀಲಿಲ್ಲಮ್ಮ."

"ಹೌದಾ? ಹೋಗ್ಲಿ ಬಿಡಿ, ಹಳೇ ಕಥೆ" ಎಂದು ಅವಳು ಕೈಗೆ ಕಟ್ಟಿಕೊಂಡು ಹೊರಟಳು.

ಅವಳ ಕೈಯ ವಾಚು ನೋಡಿ ಬೇರೆ ಊರುಗಳಿಂದ ಈಗ ಹಳೆಯ ಗಡಿಯಾರಗಳು ಬರುತ್ತಿವೆ. ದೊಡ್ಡ ಬೀದಿಯ ಅಂಗಡಿಯಲ್ಲಿ ಕೀ ಕೊಡುವ ಗಡಿಯಾರ ಬಿಚ್ಚಬಲ್ಲವರು ಯಾರೂ ಉಳಿದಿಲ್ಲವಾದ್ದರಿಂದ ಅಣ್ಣನ ಮಕ್ಕಳೂ ಚಿಕ್ಕಪ್ಪನಿಗೇ ಕಳಿಸುತ್ತಾರೆ. ಅವನು ತೆಗೆದುಕೊಳ್ಳುತ್ತಾನೆ, ಮಾಡಿ ಕೊಡುತ್ತಾನೆ. ಈ ಕೆಲಸ ಯಾರ ಹತ್ತಿರ ಕಲಿತಿರಿ ಎಂದು ಗಿರಾಕಿಗಳು ಕೇಳಿದರೆ, "ದೊಡ್ಡ ಬೀದಿಯಲ್ಲಿ ಒಬ್ರು ಯಜಮಾನ್ರಿದ್ರು, ಅವರ ಹತ್ರ" ಎನ್ನುತ್ತಾನೆ. ಹೆಂಡತಿ ಈಗ ಮಾವನನ್ನು ಬೈದರೆ ಅವನು ತಡೆಯುವುದಿಲ್ಲ. ಬಾಯಿ ಸೋತು ಅವಳೇ ನಿಲ್ಲಿಸುವವರೆಗೆ ಕೇಳುತ್ತ ಕೂರುತ್ತಾನೆ.