ಬಲಗಿವಿಯ ಸನ್ನೆ

ನನಗೆ ಲಕ್ವಾ ಹೊಡೆದಾಗ ಜನ ಚಪ್ಪಾಳೆ ತಟ್ಟಿದರು.

ಸುಳ್ಳಲ್ಲ. ಮುಂಡಗೋಡ ತಾಲೂಕಿನ ಮಳಗಿಯಲ್ಲಿ ನಮ್ಮ ನಾಟಕವಿತ್ತು. ಭತ್ತ ಕೊಯ್ಲಿಗೆ ಬಂದ ಕಾಲ. ಆನೆಗಳು ಗದ್ದೆಗೆ ಇಳಿಯುತ್ತಿದ್ದವು. ಕತ್ತಲಾದ ಮೇಲೆ ಆಟ ಇಟ್ಟರೆ ಜನ ಮನೆ ಬಿಟ್ಟು ಬರುವುದಿಲ್ಲ ಎಂದು ಊರವರೇ ಮಧ್ಯಾಹ್ನ ಮೂರು ಗಂಟೆಗೆ ಇಟ್ಟಿದ್ದರು. ನನ್ನದು ಕುಡುಕ ಗುಂಡ್ಯಾನ ಪಾತ್ರ. ನಾನೇ ಬರೆದದ್ದು, ಇಪ್ಪತ್ತೆರಡು ವರ್ಷ ನಾನೇ ಆಡಿದ್ದು. ಎರಡನೇ ಅಂಕದಲ್ಲಿ ಗುಂಡ್ಯಾ ತೊದಲುತ್ತಾ ಬಂದು ಸತ್ತ ಹೆಂಡತಿಯ ಫೋಟೋದ ಮುಂದೆ ನಿಂತು ಜಗಳ ತೆಗೆಯುತ್ತಾನೆ. ಅವತ್ತು ಬಂದೆ, ತೊದಲಿದೆ. ಆಮೇಲೆ ತೊದಲು ನಿಲ್ಲಿಸಬೇಕೆಂದರೆ ನಿಲ್ಲಲಿಲ್ಲ. ಬಾಯಿ ಒಂದು ಕಡೆ ಜಾರಿತು. ಜೊಲ್ಲು ಇಳಿಯಿತು. ಬಲಗಾಲು ಸೊಟ್ಟಗಾಯಿತು.

ಮುಂದಿನ ಸಾಲಿನವರು ಶಿಳ್ಳೆ ಹೊಡೆದರು. "ವನ್ಸ್ ಮೋರ್!" ಎಂದು ಯಾರೋ ಕೂಗಿದರು.

ಮಾತು ಮರೆತರೆ ನಮ್ಮ ಮೇಳದಲ್ಲಿ ಒಂದು ಸನ್ನೆ ಇದೆ. ಬಲಗೈಯಿಂದ ಬಲಗಿವಿ ತುರಿಸಿಕೊಳ್ಳಬೇಕು. ಆಗ ಪರದೆಯ ಪಕ್ಕದ ವಿಂಗಿನಲ್ಲಿ ಪುಸ್ತಕ ಹಿಡಿದು ಕೂತ ಪ್ರಾಂಪ್ಟರ್ ಆ ಸಾಲಿನ ಮೊದಲ ಶಬ್ದ ಕೊಡಬೇಕು. ಮೊದಲ ಶಬ್ದ ಮಾತ್ರ. ಉಳಿದದ್ದು ನಟನ ಪಾಡು. ನಮ್ಮ ಪ್ರಾಂಪ್ಟರ್ ಎಂದರೆ ನನ್ನ ಹೆಂಡತಿ ಕಸ್ತೂರಿ. ನಾನು ಅವಳ ಕಡೆ ನೋಡಿದೆ. ಕಿವಿ ತುರಿಸಿಕೊಳ್ಳಬೇಕು ಎಂದುಕೊಂಡೆ. ಕೈ ಏಳಲಿಲ್ಲ.

ಕೀಬೋರ್ಡ್ ಬಾರಿಸುತ್ತಿದ್ದ ದಾವಲ್ ಒದರಿದ: "ಏ, ಪರದೆ ಎಳೀರಿ! ಇದು ನಾಟಕ ಅಲ್ಲ, ಮಾಸ್ತರ್‌ಗೆ ಏನೋ ಆಗೈತಿ!"

ಆಮೇಲಿನದು ಅಲ್ಲಲ್ಲಿ ನೆನಪಿದೆ. ಜೀಪಿನ ಮೇಲ್ಛಾವಣಿ. ಕಸ್ತೂರಿಯ ಸೆರಗು ನನ್ನ ಬಾಯಿ ಒರೆಸುತ್ತಿದ್ದದ್ದು. ಹುಬ್ಬಳ್ಳಿಯ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡಾಕ್ಟರು, ಹುಡುಗಿಯಂಥವರು, ಕೇಳಿದರು: "ಯಾವಾಗ ಶುರುವಾಯಿತು?"

"ಎರಡನೇ ಅಂಕದಾಗ್ರಿ," ಅಂದಳು ಕಸ್ತೂರಿ.

"ಗಂಟೆ ಹೇಳಿ, ಅಮ್ಮಾ."

ಸಿ.ಟಿ. ಸ್ಕ್ಯಾನ್ ಆಯಿತು. ಮಿದುಳಿನ ಎಡಗಡೆ ಸ್ಟ್ರೋಕ್. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಟ್ಟರು. ಜೀವಕ್ಕೆ ಭಯವಿಲ್ಲ, ಬಲಗೈ ಮತ್ತು ಮಾತು ಎಷ್ಟು ಮರಳುತ್ತವೋ ಈಗ ಹೇಳಲಾಗದು ಎಂದರು. "ಇಂಥದ್ದರಲ್ಲಿ ಒಂದೊಂದು ನಿಮಿಷವೂ ಮುಖ್ಯ," ಎಂದೂ ಹೇಳಿದರು. ಕಸ್ತೂರಿ ಅಲ್ಲೇ ಗೋಡೆಗೆ ಆತು ಕೂತುಬಿಟ್ಟಳು. ದಣಿವು ಎಂದುಕೊಂಡೆ ನಾನು.

ಮೊದಲ ಮೂರು ವಾರ ನನ್ನ ಬಾಯಲ್ಲಿ ಒಂದೇ ಶಬ್ದ.

ಕುರ್ಚಿ.

ನೀರು ಬೇಕೆಂದರೂ ಕುರ್ಚಿ. ನೋವು ಎಂದರೂ ಕುರ್ಚಿ. ಸ್ಪೀಚ್ ಥೆರಪಿಯವರು ಆಕಳ ಚಿತ್ರ ತೋರಿಸಿದರು, ಕುರ್ಚಿ ಅಂದೆ. ತಲೆಯೊಳಗೆ ಎಲ್ಲ ಶಬ್ದಗಳೂ ಸಾಲಾಗಿ ನಿಂತಿದ್ದವು. ಬಾಗಿಲು ದಾಟಿ ಬರುತ್ತಿದ್ದದ್ದು ಮಾತ್ರ ಕುರ್ಚಿ. ಕಸ್ತೂರಿಯನ್ನು ಹೆಸರು ಹಿಡಿದು ಕರೆಯಲು ಹೋದರೂ ಅದೇ. ಅವಳು ನಕ್ಕು, "ಆತು, ಕುರ್ಚಿ ಬಂದಾಳ, ಏನ ಬೇಕ ಹೇಳ್ರಿ," ಅನ್ನುತ್ತಿದ್ದಳು. ನಾಲಗೆಯೊಂದರಿಂದಲೇ ಊರೂರು ಕುಣಿಸಿದ ನನಗೆ ಆ ನಗು ಮೈಯೆಲ್ಲ ಉರಿಸುತ್ತಿತ್ತು.

ಈಗ ನಿಜ ಹೇಳುವ ಹೊತ್ತು. ಕಸ್ತೂರಿ ನಟಿ. ನಾನು ಹಳಿಯಾಳದ ಹಳ್ಳಿಗಳಲ್ಲಿ ಹುಡುಗರಿಗೆ ನಾಟಕ ಕಲಿಸುವ ಮಾಸ್ತರನಾಗಿದ್ದಾಗ ಅವಳು ಬೇರೆ ಕಂಪನಿಯಿಂದ ಹೆಣ್ಣುಪಾತ್ರಕ್ಕೆ ಬಂದವಳು. ಮದುವೆಯಾದೆವು, ಇಬ್ಬರೂ ಸೇರಿ ಸ್ವಂತ ಮೇಳ ಕಟ್ಟಿದೆವು. ಊರವರ ಜೊತೆ ಮಾತಾಡುವುದು, ಪರದೆ, ಬಟ್ಟೆ, ಊಟ, ಹ್ಯಾಂಡ್‌ಬಿಲ್ಲು ಎಲ್ಲ ಅವಳದು. ರಂಗ ನನ್ನದು. ಮೊದಲೆರಡು ಆಟ ಒಟ್ಟಿಗೆ ಆಡಿದೆವು. ಎರಡರಲ್ಲೂ ಜನ ನನಗಿಂತ ಅವಳಿಗೆ ಹೆಚ್ಚು ನಕ್ಕರು, ಹೆಚ್ಚು ಅತ್ತರು. ಮೂರನೆಯದಕ್ಕೆ ನಾನು, "ಇಬ್ಬರೂ ಸ್ಟೇಜ್ ಮ್ಯಾಲಿದ್ರ ಪುಸ್ತಕ ಯಾರು ಹಿಡೀಬೇಕು?" ಎಂದು ಕೇಳಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಹೋಗಿ ವಿಂಗಿನ ಸ್ಟೂಲಿನ ಮೇಲೆ ಕೂತಳು. ಇಪ್ಪತ್ತೆರಡು ವರ್ಷ ಅಲ್ಲೇ ಕೂತಳು.

ನಾನು ಹಳಿಯಾಳದ ಮನೆಯಲ್ಲಿ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಒಪ್ಪಿಕೊಂಡ ಆಟಗಳನ್ನು ಬಿಡುವ ಹಾಗಿರಲಿಲ್ಲ. ಒಂದು ದಿನ ಕಸ್ತೂರಿ ಗುಂಡ್ಯಾನನ್ನು ಗುಂಡವ್ವ ಮಾಡಿದಳು. ಕುಡುಕ ಗಂಡಸಿನ ಬದಲು ತಂಬಾಕು ತಿಕ್ಕುವ ಮುದುಕಿ. ಸತ್ತ ಹೆಂಡತಿಯ ಬದಲು ಸತ್ತ ಗಂಡನ ಫೋಟೋ. ಮಾತುಗಳು ಮುಕ್ಕಾಲು ನನ್ನವೇ. ಮೊದಲ ಆಟ ಮುಗಿಸಿ ಬಂದ ದಾವಲ್ ಮೊಬೈಲಿನಲ್ಲಿ ತೋರಿಸಿದ.

"ನೋಡ್ರಿ ಮಾಸ್ತರ್, ಭಾಬೀ ಏನ್ ಮಾಡ್ಯಾರ! ಮಂದಿ ಬಿದ್ದ್ ಬಿದ್ದ್ ನಕ್ಕಾರ!"

ನೋಡಿದೆ. ನಾನು ಎಲ್ಲಿ ನಗಿಸುತ್ತಿದ್ದೆನೋ ಅಲ್ಲೇ ನಕ್ಕರು. ಎಲ್ಲಿ ಒಂದು ಉಸಿರು ತಡೆದು ಮಾತು ಬಿಡುತ್ತಿದ್ದೆನೋ ಅಲ್ಲೇ ಅವಳೂ ತಡೆದಳು. ಅಯ್ಯೋ ನನ್ನಪ್ಪಾ, ಆ ನಗು ನನ್ನದು! ಹಳ್ಳಿ ಹಳ್ಳಿ ತಿರುಗಿ, ಒಂದೊಂದು ಶಬ್ದ ತಿದ್ದಿ ತೀಡಿ ನಾನು ಗಳಿಸಿದ ನಗು. ನನ್ನ ಒಡವೆಯನ್ನು ನನ್ನ ಕಣ್ಣೆದುರೇ ಬೇರೆಯವರು ಹಾಕಿಕೊಂಡು ತಿರುಗಿದ ಹಾಗಾಯಿತು. ಮುಖ ಗೋಡೆಗೆ ತಿರುಗಿಸಿದೆ. ದಾವಲ್ ನನಗೆ ಆನಂದಬಾಷ್ಪ ಎಂದುಕೊಂಡ, ಪುಣ್ಯಾತ್ಮ.

ಆಟಗಳು ಹೆಚ್ಚಾದವು. ಹಳಿಯಾಳ, ಮುಂಡಗೋಡ, ಕ್ಯಾಸಲ್‌ರಾಕ್‌ನ ರೈಲ್ವೆ ಮಂದಿಯದು ಕೂಡ. ನನ್ನ ಇಪ್ಪತ್ತೆರಡು ವರ್ಷದಲ್ಲಿ ಕ್ಯಾಸಲ್‌ರಾಕ್‌ನವರು ನನ್ನನ್ನು ಕರೆದಿರಲಿಲ್ಲ. ಹ್ಯಾಂಡ್‌ಬಿಲ್ಲಿನಲ್ಲಿ ಅವಳ ಹೆಸರು ಮೇಲೆ ಬಂತು, ದಪ್ಪ ಅಕ್ಷರದಲ್ಲಿ. ನನ್ನದು ಕೆಳಗೆ, 'ಮಾರ್ಗದರ್ಶನ' ಎಂದು. ಸತ್ತವರಿಗೂ ಹಾಗೇ ಹಾಕುತ್ತಾರೆ. ಅವಳು ಆಟದಿಂದ ಬಂದು ನನ್ನ ಕೈಗೆ ಎಣ್ಣೆ ತಿಕ್ಕುವಾಗ ಗಲ್ಲದಲ್ಲಿ ಇನ್ನೂ ಬಣ್ಣ ಇರುತ್ತಿತ್ತು. ಆ ಬಣ್ಣ ಕಂಡರೆ ನಾನು ಕೈ ಎಳೆದುಕೊಳ್ಳುತ್ತಿದ್ದೆ. ನನಗೆ ಊಟ ಮಾಡಿಸಿ, ಮೀಯಿಸಿ, ಆಸ್ಪತ್ರೆಗೆ ಕರೆದೊಯ್ದು ದಣಿದವಳೂ ಅವಳೇ ಎಂಬುದು ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆಯೇ?

ನಿಧಾನಕ್ಕೆ ಕಾಲು ಬಂತು. ಕೋಲು ಹಿಡಿದು ಅಂಗಳದವರೆಗೆ ನಡೆದೆ. ಮಾತೂ ಬಂತು, ಒಂದೊಂದೇ ಶಬ್ದ. ನೀರು. ಸಾಕು. ಬ್ಯಾಡ. ಎರಡು ಶಬ್ದ ಜೋಡಿಸಿದರೆ ಎರಡನೆಯದು ಮುರಿಯುತ್ತಿತ್ತು. ಥೆರಪಿಯವರು ಕಸ್ತೂರಿಗೆ, "ಓದಿ ಹೇಳುವ ರೂಢಿ ಮಾಡಿಸಿ, ಒಂದು ಹೊತ್ತಿಗೆ ಒಂದೇ ಶಬ್ದ," ಎಂದರು. ಹುಬ್ಬಳ್ಳಿಯಿಂದ ಬರುವ ಬಸ್ಸಿನಲ್ಲಿ ಕಸ್ತೂರಿ ಹೇಳಿದಳು:

"ನೀವು ಪುಸ್ತಕ ಹಿಡೀರಿ. ಮೊದಲ ಶಬ್ದ ಅಷ್ಟ ಕೊಡ್ರಿ. ಉಳಿದದ್ದು ನಾ ಹೇಳ್ತೇನಿ."

ವಿಂಗಿನ ಸ್ಟೂಲು! ನನಗೆ! ಬಸ್ಸಿನಿಂದ ಹಾರಿಬಿಡಬೇಕು ಅನ್ನಿಸಿತು. ಆದರೆ ಮನೆಯಲ್ಲಿ ಸೀಲಿಂಗ್ ನೋಡುತ್ತಾ ಮಲಗುವುದಕ್ಕಿಂತ ಅದೇ ವಾಸಿ. ಹೂಂ ಅಂದೆ.

ದಾಂಡೇಲಿಯ ಅಂಬೇವಾಡಿಯಲ್ಲಿ ಮಹಿಳಾ ಸಂಘದ ವಾರ್ಷಿಕೋತ್ಸವ, ಸಂಜೆ ಐದಕ್ಕೆ ಆಟ. ಬಲಗೈ ಮಡಿಲಲ್ಲಿಟ್ಟು, ಎಡಗೈಯಲ್ಲಿ ಪುಟ ತಿರುವುತ್ತಾ ಕೂತೆ. ಸ್ಟೂಲಿನಿಂದ ಕಾಣುವುದು ನಟಿಯ ಒಂದು ಮಗ್ಗುಲು ಮಾತ್ರ, ಜನ ಕಾಣುವುದಿಲ್ಲ. ಅವರ ಸದ್ದು ಮಾತ್ರ ಕೇಳಿಸುತ್ತದೆ. ಇಷ್ಟು ವರ್ಷ ಅವಳಿಗೆ ನನ್ನ ಆಟ ಹೀಗೇ ಕಂಡದ್ದು ಎಂದು ಆಗ ಹೊಳೆಯಿತು. ಆದರೆ ಹೊಳೆದದ್ದು ನಿಲ್ಲಲಿಲ್ಲ. ನಗು ಶುರುವಾಯಿತು, ಅಲೆ ಅಲೆಯಾಗಿ, ನನ್ನ ಜಾಗಗಳಲ್ಲೇ. ಹಲ್ಲು ಕಚ್ಚಿದೆ.

ಎರಡನೇ ಅಂಕ. ಗುಂಡವ್ವ ಗಂಡನ ಫೋಟೋದ ಮುಂದೆ ಬಂದಳು. ನಿಂತಳು. ಬಲಗೈ ಎತ್ತಿ ಬಲಗಿವಿ ತುರಿಸಿಕೊಂಡಳು.

ಸಾಲಿನ ಮೇಲೆ ನನ್ನ ಬೆರಳಿತ್ತು. ಮೊದಲ ಶಬ್ದ 'ಅವತ್ತು'. ಸುಲಭದ ಶಬ್ದ. ಬೆಳಿಗ್ಗೆ ಕನ್ನಡಿಯ ಮುಂದೆ ಹತ್ತು ಸಲ ಹೇಳಿದ್ದೆ. ಅದು ನಾಲಗೆಯ ತುದಿಗೆ ಬಂದು ಕೂತಿತ್ತು.

ಕೊಡಲಿಲ್ಲ.

ರೋಗ ತಡೆದದ್ದಲ್ಲ, ನಾನೇ ತಡೆದೆ. ಒದ್ದಾಡಲಿ. ಜನರೆದುರು ಬಾಯಿ ಕಟ್ಟಿ ನಿಂತರೆ ಹೇಗಿರುತ್ತದೆ ಎಂದು ಅವಳಿಗೂ ತಿಳಿಯಲಿ. ಅವಳು ಮತ್ತೆ ಕಿವಿ ಮುಟ್ಟಿದಳು. ನನ್ನ ಕಡೆ ತಿರುಗಿದಳು. ಬೆರಳು ಸಾಲಿನ ಮೇಲಿರುವುದನ್ನು ನೋಡಿದಳು, ಮುಚ್ಚಿದ ನನ್ನ ತುಟಿ ನೋಡಿದಳು. ಅವಳಿಗೆ ತಿಳಿದುಹೋಯಿತು.

ಕಸ್ತೂರಿ ಮೆಲ್ಲಗೆ ನೆಲದ ಮೇಲೆ ಕೂತಳು. ಸೊಂಟದ ಚೀಲ ಬಿಚ್ಚಿ ತಂಬಾಕು ತೆಗೆದಳು, ಅಂಗೈಯಲ್ಲಿ ಹಾಕಿ ತಿಕ್ಕಿದಳು. ಸಭೆ ತಣ್ಣಗಾಯಿತು. ಆಮೇಲೆ ಫೋಟೋದ ಕಡೆ ನೋಡಿ, ಪುಸ್ತಕದಲ್ಲಿ ಇಲ್ಲದ ಮಾತು ಹೇಳಿದಳು:

"ಏನೋ ಹೇಳಬೇಕಂತ ಬಂದಿದ್ದೆ ನಿನಗ. ಮರತೇ ಹೋತ ನೋಡು. ನೀ ಇದ್ದಾಗ ನೆನಪ ಮಾಡಿಕೊಡ್ತಿದ್ದಿ. ಈಗ ಯಾರದಾರ?"

ಹೆಂಗಸರು ಮೂಗು ಎಳೆಯುವ ಸದ್ದು ಕೇಳಿಸಿತು. ಒಬ್ಬಳು ಗಟ್ಟಿಯಾಗಿಯೇ ಅತ್ತಳು.

ನಾನಿನ್ನೂ ಬದುಕಿದ್ದೆ. ಐದು ಹೆಜ್ಜೆ ದೂರದಲ್ಲಿ, ಸ್ಟೂಲಿನ ಮೇಲೆ.

ಮರುದಿನ ಬೆಳಿಗ್ಗೆ ಕಸ್ತೂರಿ ಎಂದಿನಂತೆ ಚಹಾ ಕೊಟ್ಟಳು. ಫಿಸಿಯೋಥೆರಪಿಯವರು ಕೊಟ್ಟ ಸ್ಪಂಜಿನ ಚೆಂಡನ್ನು ನನ್ನ ಬಲ ಅಂಗೈಯಲ್ಲಿಟ್ಟು, ಬೆರಳು ಒಂದೊಂದಾಗಿ ಮಡಚಿದಳು.

"ನಿನ್ನೆ ಶಬ್ದ ಬಾಯಾಗ ಇತ್ತಲ್ಲಾ?"

ತಲೆ ಆಡಿಸಿದೆ. ಬೈಗುಳಕ್ಕೆ ಕಾದೆ. ಬೈದರೆ ಹಗುರಾಗುತ್ತಿತ್ತು.

"ಮಳಗ್ಯಾಗ ನನ್ನ ಬಾಯಾಗೂ ಇತ್ತು," ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳು ನನ್ನ ಬೆರಳು ಬಿಡದೆ ಹೇಳಿದಳು. "ಆಟಕ್ಕಿಂತ ಮೊದಲ ನಿಮಗ ಶಾಲು ಹೊದಿಸಿದ್ರು. ನನ್ನ ಕೈಯಾಗ ಹಣ್ಣಿನ ತಾಟ ಕೊಟ್ಟ ಬಾಜೂಕ ನಿಲ್ಲಿಸಿದ್ರು. ನೀವು ಮೈಕ್ ಹಿಡದು, ಈ ಮೇಳ ನಾ ಒಬ್ಬನೇ ಕಟ್ಟಿದ್ದು ಅಂದ್ರಿ. ನೆನಪೈತಿ?"

ನೆನಪಿರಲಿಲ್ಲ. ಪ್ರತಿ ಊರಲ್ಲೂ ಅದನ್ನೇ ಹೇಳುತ್ತಿದ್ದೆನಲ್ಲ.

"ಆಮ್ಯಾಲೆ ಫೋಟೋ ಮುಂದ ನಿಂತ್ರಿ. ಕಿವಿ ಮುಟ್ಟಲಿಲ್ಲ. ಆದ್ರ ಕಣ್ಣು ನನ್ನ ಕಡೆ ಬಂತು. ಇಪ್ಪತ್ತೆರಡು ವರ್ಷ ನೋಡೇನಿ, ಆ ಕಣ್ಣು ನಂಗ ತಿಳಿಯೂದಿಲ್ಲೇನು? ತಿಳೀತು. ಒಬ್ಬನೇ ಕಟ್ಯಾನಂತ, ಒಬ್ಬನೇ ಹೇಳ್ಲಿ ಅಂದ್ಕೊಂಡ್ನಿ. ಪುಸ್ತಕ ಮುಚ್ಚಿ ಕುಂತ್ನಿ. ಮಂದಿ ಚಪ್ಪಾಳಿ ಹೊಡದ್ರು. ದಾವಲ್ ಒದರೂತನಕ ನಾ ಏಳಲಿಲ್ಲ."

ಅವಳು ನನ್ನ ಬೆರಳನ್ನು ಚೆಂಡಿಗೆ ಒತ್ತಿದಳು. "ಒಂದೊಂದು ನಿಮಿಷ ಮುಖ್ಯ ಅಂದ್ರಲ್ಲ ಆ ಡಾಕ್ಟರ್ ಅಮ್ಮ. ಮುಂದ ಒಂದಿನ ಅವ್ರನ್ನ ಕೇಳಿದ್ನಿ. ಅಷ್ಟರಿಂದ ಏನೂ ಫರಕ ಆಗಿರೂದಿಲ್ಲ ಬಿಡ್ರಿ ಅಂದ್ರು. ತಲೀಗೆ ಹೋತು. ಎದೀಗೆ ಇನ್ನೂ ಇಳಿದಿಲ್ಲ."

ಮೊದಲು ಬಂದದ್ದು ಸಿಟ್ಟು. ಚೆಂಡನ್ನು ಎತ್ತಿ ಗೋಡೆಗೆ ಒಗೆಯಬೇಕು ಎಂದುಕೊಂಡೆ. ಬೆರಳು ಬಿಚ್ಚಲಿಲ್ಲ. ಚೆಂಡು ಅಲ್ಲೇ ಕೂತಿತು. ಅವಳೇ ಬೆರಳು ಬಿಡಿಸಬೇಕಾಯಿತು, ಕಣ್ಣೀರು ಸುರಿಸುತ್ತಾ. ಆ ಹೊತ್ತಿಗೆ ಸಿಟ್ಟು ಇಳಿದು ಇನ್ನೇನೋ ಬಂದಿತ್ತು. ಮತ್ಸರ ನನಗೊಬ್ಬನಿಗೇ ಬಂದ ರೋಗ ಎಂದುಕೊಂಡಿದ್ದೆ. ಅವಳು ಇಪ್ಪತ್ತೆರಡು ವರ್ಷ ಅದನ್ನು ಬಾಯಿ ಬಿಡದೆ ನುಂಗಿದ್ದಳು, ನನಗೆ ಮೊದಲ ಶಬ್ದ ಕೊಡುತ್ತಲೇ. ಒಂದೇ ಒಂದು ದಿನ ತಡೆದಳು. ನಾನು ಸ್ಟೂಲಿನ ಮೇಲೆ ಒಂದು ದಿನವೂ ತಾಳಲಿಲ್ಲ.

ಕ್ಷಮೆ ಕೇಳಬೇಕೆಂದರೆ ಶಬ್ದ ದೊಡ್ಡದು. ಬಾಯಿ ತೆರೆದೆ. ಏನು ಬಂತು ಗೊತ್ತೇ?

"ಕುರ್ಚಿ."

ಇಬ್ಬರೂ ನಕ್ಕೆವು. ಅಳುತ್ತಲೇ ನಕ್ಕೆವು.

ಹೋದ ವಾರ ಜೋಯಿಡಾದಲ್ಲಿ ಆಟವಿತ್ತು. ಶಾಲೆಯ ಮೈದಾನ, ಹಗಲಿನದೇ. ಆಟಕ್ಕೆ ಮೊದಲು ಸಂಘಟಕರು ಒಂದೇ ಶಾಲು ತಂದರು, ಅವಳಿಗೆ. ಹಣ್ಣಿನ ತಟ್ಟೆ ನಾನು ಎಡಗೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತೆ. ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತೋ ಇಲ್ಲವೋ? ಹೊತ್ತಿತು. ಸುಳ್ಳು ಯಾಕೆ ಹೇಳಲಿ. ಬಿ.ಪಿ.ಗೆ ಗುಳಿಗೆ ಇದೆ, ರಕ್ತ ತೆಳ್ಳಗಾಗಲು ಗುಳಿಗೆ ಇದೆ, ಇದಕ್ಕೆ ಇಲ್ಲ. ಅವಳು ಮೈಕ್ ಹಿಡಿದು, "ಈ ಮೇಳ ನಾವಿಬ್ಬರೂ ಕಟ್ಟಿದ್ದು," ಅಂದಳು. ನಾನು ಇಪ್ಪತ್ತೆರಡು ವರ್ಷ ಹೇಳದ ಮಾತು ಅಷ್ಟು ಸಣ್ಣದಿತ್ತು.

ಎರಡನೇ ಅಂಕದಲ್ಲಿ ಗುಂಡವ್ವ ಫೋಟೋದ ಮುಂದೆ ಬಂದಳು. ಮಾತು ನೀರಿನಂತೆ ಹರಿಯುತ್ತಿತ್ತು. ಆ ಸಾಲು ಬರುವ ಹೊತ್ತಿಗೆ ಬಲಗೈ ಕಿವಿಗೆ ಹೋಯಿತು.

"ಅವತ್ತು!" ಅಂದೆ. ಮೈದಾನದ ಕೊನೆಗೆ ಕೇಳುವಷ್ಟು.

ಜನ ಗೊಳ್ಳೆಂದು ನಕ್ಕರು. ಸತ್ತ ಗಂಡ ಫೋಟೋದೊಳಗಿಂದ ಮಾತಾಡಿದ ಎಂದುಕೊಂಡರಂತೆ. ಕಸ್ತೂರಿ ಸೊಂಟಕ್ಕೆ ಕೈಯಿಟ್ಟು ಫೋಟೋಗೆ ಒಂದು ಬೈಗುಳ ಬಿಟ್ಟಳು, ನಗು ಇಮ್ಮಡಿಯಾಯಿತು. ಆಟ ಮುಗಿದ ಮೇಲೆ ವಿಂಗಿಗೆ ಬಂದವಳೇ ನನ್ನ ಮೇಲೆ ಎಗರಿದಳು.

"ಮಾತು ಎಲ್ಲೆ ಮರತಿದ್ನಿ ನಾ? ಸೊಳ್ಳಿ ಕಡಿದಿತ್ತು, ಸೊಳ್ಳಿ! ಕಿವಿ ತುರಸ್ಕೊಂಡ್ರ ಸೈತ ಬಿಡೂದಿಲ್ಲೇನ್ರಿ ನೀವು?"

"ಬಿಡೂದಿಲ್ಲ," ಅಂದೆ.

ಅಷ್ಟುದ್ದದ ಶಬ್ದ ತುಂಡಾಗದೆ ಬಂತು. ಅವಳು ಸೆರಗಿನ ತುದಿಯಿಂದ ನನ್ನ ಬಾಯಿಯ ಮೂಲೆ ಒರೆಸಿ, ತನ್ನ ಹೆಗಲ ಮೇಲಿದ್ದ ಶಾಲು ತೆಗೆದು ನನ್ನ ಮಡಿಲಿಗೆ ಹಾಕಿದಳು.

"ಹಿಡೀರಿ, ಬಣ್ಣ ತೊಳಕೊಂಡ ಬರ್ತೇನಿ. ನಾಳೆ ಮುಂಜಾನೆ ಆ 'ಬಿಡೂದಿಲ್ಲ' ಹತ್ತು ಸಲ ಹೇಳಬೇಕ."