ಹದಿನೇಳರ ಕಾರು, ಹದಿನಾಲ್ಕರ ಪುಸ್ತಕ

ನಮ್ಮ ಮನೆಗೆ ಆ ದೊಡ್ಡ ಕಾರು ಬಂದ ದಿನದಿಂದ ನಾನು ನೆಟ್ಟಗೆ ಉಸಿರಾಡಿರಲಿಲ್ಲ. ಕಲಬುರಗಿಯ ಗಾಜಿಪುರದ ನಮ್ಮ ಓಣಿಯಲ್ಲಿ ಎರಡು ಆಟೋ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕು. ಅಂಥಲ್ಲಿ ನನ್ನ ಗಂಡ, ಊರು ಬಿಡುತ್ತಿದ್ದ ಡಾಕ್ಟರೊಬ್ಬರಿಂದ ಹೊರದೇಶದ ಕಂಪನಿಯ ಐಷಾರಾಮಿ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು ತಂದು ನಿಲ್ಲಿಸಿದರು. ಮದುವೆಯಾದ ಮೇಲೆ ನನ್ನನ್ನು ಕೇಳದೆ ಅವರು ಮಾಡಿದ ಮೊದಲ ಕೆಲಸ ಅದು. ಎದುರುಮನೆಯ ಆಡು ಬಾನೆಟ್ ಹತ್ತಿತೇ, ನೀರಿನ ಟ್ಯಾಂಕರ್ ಸವರಿಕೊಂಡು ಹೋಯಿತೇ ಎಂದು ಕಾಲೇಜಿನಲ್ಲಿ ಇತಿಹಾಸದ ಪಾಠ ಮಾಡುವಾಗಲೂ ನನ್ನ ಅರ್ಧ ಜೀವ ಓಣಿಯಲ್ಲೇ ಇರುತ್ತಿತ್ತು.

ಮಾರಿಬಿಡೋಣ ಎಂದು ಆರು ತಿಂಗಳು ಗೋಗರೆದೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಹೊರಗಿನವರ ಕೈಗೆ ಕೊಡುವುದಿಲ್ಲ, ಕಾರು ಬಳಗದೊಳಗೇ ಇರಬೇಕು. ಬಳಗದಲ್ಲಿ ಅಂಥ ಕಾರು ಇಟ್ಟುಕೊಳ್ಳುವ ಗುಂಡಿಗೆ ಇದ್ದವನು ಒಬ್ಬನೇ, ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ನನ್ನ ಅಣ್ಣ. ಅವನಿಗೆ ತೋಟವಿದೆ, ಅಗಲವಾದ ಅಂಗಳವಿದೆ, ಚಿಂತೆ ಮಾತ್ರ ಇಲ್ಲ. ಅವ್ವ ಅದನ್ನಷ್ಟೂ ನನಗೊಬ್ಬಳಿಗೇ ಬಳುವಳಿ ಕೊಟ್ಟಿದ್ದಳು.

ಅಣ್ಣನಿಗೆ ಹೊಸದನ್ನೇ ಕೊಳ್ಳುವ ಮನಸ್ಸಿತ್ತು. ಅದೇ ಹೆಸರಿನ ಹೊಸ ಕಾರಿನ ಪುಸ್ತಕವನ್ನು ಶೋರೂಮಿನಿಂದ ಇಸಿದುಕೊಂಡು ನಮ್ಮ ಮನೆಗೆ ಬಂದ. ನಮ್ಮ ಕಾರಿನ ಹಳೆಯ ಪುಸ್ತಕವನ್ನೂ ತರಿಸಿದ. ಎರಡನ್ನೂ ಪಕ್ಕಪಕ್ಕ ಹರವಿ ಮೈಲೇಜಿನ ಸಾಲಿನ ಮೇಲೆ ಬೆರಳಿಟ್ಟ. ಹಳೆಯದರಲ್ಲಿ ಲೀಟರಿಗೆ ಹದಿನೇಳು ಕಿಲೋಮೀಟರ್, ಹೊಸದರಲ್ಲಿ ಹದಿನಾಲ್ಕು.

"ನೋಡವಾ ತಂಗಿ, ಹಳೇ ಮಾಲು ಹಳೇ ಮಾಲೇ," ಎಂದ. "ಹೊಸಾದ್ರಾಗ ಏನೋ ಲಫಡಾ ಮಾಡ್ಯಾರ. ನಂಗ ನಿಮ್ದ ಕೊಟ್ಟುಬಿಡ್ರಿ."

ಆಗಲೇ ಕೀಲಿಕೈ ಅವನ ಅಂಗೈಯಲ್ಲಿಟ್ಟು ಒಳಗೆ ಹೋಗಿ ಚಹಾ ಇಡಬೇಕಿತ್ತು. ಆದರೆ ನನಗೆ ಸಂತೋಷವಾದರೂ ಮೊದಲು ಅದರ ಹುಳುಕು ಹುಡುಕಬೇಕು. ಅಣ್ಣ ನಮ್ಮಲ್ಲೇ ಉಳಿದಿದ್ದ ಎರಡು ದಿನ, ಅಂಕಿ ಯಾಕೆ ಇಳಿಯಿತೆಂದು ಮೊಬೈಲಿನಲ್ಲಿ ಓದಿದೆ. ಓದಬಾರದಿತ್ತು. ಪುಸ್ತಕದ ಅಂಕಿ ರಸ್ತೆಯದ್ದೇ ಅಲ್ಲವಂತೆ. ಮುಚ್ಚಿದ ಕೋಣೆಯಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿ ಪಡೆದದ್ದಂತೆ. ಹಿಂದೆ ಎ.ಸಿ. ಬಂದ್ ಮಾಡಿ ಮೆತ್ತಗೆ ಓಡಿಸುತ್ತಿದ್ದರು. ಮಂದಿ ಹಾಗೆ ಓಡಿಸುವುದಿಲ್ಲ ಎಂದು ತಿಳಿದ ಮೇಲೆ ಪರೀಕ್ಷೆ ಬಿಗಿಯಾಯಿತು, ವೇಗ ಹೆಚ್ಚಿತು, ಲೆಕ್ಕ ಹಾಕುವ ರೀತಿ ಬದಲಾಯಿತು. ಅದರ ಮೇಲೆ ಐಷಾರಾಮಿ ಕಾರುಗಳಿಗೆ ವರ್ಷವರ್ಷವೂ ಮೈ ಬರುತ್ತದೆ. ಅಗಲ ಚಕ್ರ, ಗಾಜಿನ ಛತ್ತು, ಒತ್ತಿದರೆ ಬೆನ್ನು ತಿಕ್ಕುವ ಸೀಟು. ಅಂದರೆ ನಮ್ಮ ಕಾರನ್ನು ಈಗ ಅದೇ ಕೋಣೆಗೆ ಒಯ್ದರೆ ಅದೂ ಹದಿನಾಲ್ಕರ ಆಸುಪಾಸಿಗೇ ಬಂದು ಕೂಡುತ್ತಿತ್ತು. ಅಣ್ಣ ತಪ್ಪು ತಿಳಿದಿದ್ದ. ಆ ತಪ್ಪಿನಿಂದಲೇ ನನಗೆ ಬಿಡುಗಡೆಯಿತ್ತು.

ಸುಮ್ಮನಿರಲು ನಿರ್ಧರಿಸಿದೆ. ನಾನು ಸುಳ್ಳು ಹೇಳಿಲ್ಲವಲ್ಲ, ಪುಸ್ತಕ ಹೇಳಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಅಣ್ಣ ಪುಸ್ತಕವನ್ನೂ ಪೂರ್ತಿ ನಂಬುವವನಲ್ಲ, ಕೈಯಾರೆ ಅಳೆಯಬೇಕು. ಮರುದಿನ ಬೆಳಗ್ಗೆ ಕಲಬುರಗಿಯ ಪೆಟ್ರೋಲ್ ಪಂಪಿನಲ್ಲಿ ಟ್ಯಾಂಕ್ ಕುತ್ತಿಗೆತನಕ ತುಂಬಿಸಿದ. ಸ್ಕೂಟರಿಗೆ ಮಾಡುವಂತೆ ಕಾರನ್ನೂ ಅಲುಗಾಡಿಸಿ ಇನ್ನಷ್ಟು ಹಿಡಿಸಿದ. ಒಂದು ಕಡೆ ಅವನು, ಇನ್ನೊಂದು ಕಡೆ ನನ್ನ ಗಂಡ. ಅಂಥ ಕಾರಿಗೆ ಅಂಥ ಅವಮಾನವನ್ನು ಪಂಪಿನವರು ನೋಡಿರಲಿಲ್ಲ. ಕಮಲಾಪುರ ಮುಟ್ಟಿದ ಮೇಲೆ ಅಲ್ಲಿ ಮತ್ತೆ ಕುತ್ತಿಗೆತನಕ ತುಂಬಿಸುವುದು, ಹಿಡಿದ ಪೆಟ್ರೋಲಿನಿಂದ ಓಡಿದ ದೂರವನ್ನು ಭಾಗಿಸುವುದು. ಅವನ ಪದ್ಧತಿ ಇಷ್ಟೇ.

ಅಣ್ಣನೇ ಓಡಿಸಿದ. ಚಪ್ಪಲಿ ಬಿಚ್ಚಿಟ್ಟು, ಬರಿಗಾಲಿನಿಂದ, ಮಲಗಿದ ಕೂಸನ್ನು ಒಯ್ಯುವವನಂತೆ. ಎ.ಸಿ. ಬಂದ್. ಕಿಟಕಿಯೂ ಬಂದ್, ಗಾಳಿ ಹೊಕ್ಕರೆ ಕಾರು ತಡೆಯುತ್ತದಂತೆ. ಏಪ್ರಿಲ್ ಬಿಸಿಲಿನಲ್ಲಿ ನಾವು ಮೂವರು ಒಳಗೆ ಬೆಂದೆವು. ಬಸ್ಸುಗಳು ದಾಟಿದವು. ಹಿಟ್ಟಿನ ಚೀಲ, ಹೆಂಡತಿ, ಎರಡು ಮಕ್ಕಳನ್ನು ಹೇರಿಕೊಂಡ ಮೋಟರ್ ಸೈಕಲ್ಲೊಂದು ದಾಟಿ, ಅದರ ಮೇಲಿದ್ದವನು ಹಿಂದೆ ತಿರುಗಿ ಅನುಕಂಪದಿಂದ ನೋಡಿದ. ಹಿಂದಿನ ಸೀಟಿನಲ್ಲಿ ನನ್ನ ಗಂಡ ಕರವಸ್ತ್ರ ಹಿಂಡುತ್ತಿದ್ದರು.

ಕಮಲಾಪುರದಲ್ಲಿ ತುಂಬಿಸಿ ಲೆಕ್ಕ ಹಾಕಿದರೆ ಹದಿನೇಳಕ್ಕೆ ಕೂದಲೆಳೆ ಕಡಿಮೆ. ಅಣ್ಣನ ಮುಖ ಅರಳಿತು. ಗೊತ್ತಿಲ್ಲದೆ ಅವನು ಆ ಹಳೆಯ ಪರೀಕ್ಷೆಯನ್ನೇ ರಸ್ತೆಯ ಮೇಲೆ ಮಾಡಿ ಪಾಸಾಗಿದ್ದ. ಮನೆ ಮುಟ್ಟಿದವನೇ ಕಾರಿಗೆ ಪೂಜೆ ಮಾಡಲು ತೆಂಗಿನಕಾಯಿ ತರುವಂತೆ ಅತ್ತಿಗೆಗೆ ಕೂಗಿದ. ಕಾಯಿ ಒಡೆದರೆ ಮಾತು ಮುಗಿದಂತೆ. ಇನ್ನೆರಡು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಅಣ್ಣ, ಒಂದೀಟು ತಡಿ," ಎಂದೆ. ಗಂಡ ನನ್ನತ್ತ ನೋಡಿದರು. "ಅಪ್ಪ ಜ್ವಾಳ ಅಳೀತಿದ್ದದ್ದು ನೆನಪದ ಏನು? ಸೇರಿನ ಮ್ಯಾಲ ಗೋಪುರ ಏರಿಸಿ ಅಳದ್ರ ಚೀಲದಾಗ ಕಡಿಮಿ ಸೇರು ಬರ್ತಿದ್ವು. ಕೈಲೇ ಸವರಿ ಅಳದ್ರ ಜಾಸ್ತಿ. ಜ್ವಾಳ ಅವೇ, ಚೀಲ ಅದೇ. ಹಳೇ ಪುಸ್ತಕದಾಗ ಸವರಿ ಅಳದಾರ, ಹೊಸಾದ್ರಾಗ ಗೋಪುರ ಏರಿಸ್ಯಾರ."

ಅಣ್ಣ ಕಾಯಿ ಹಿಡಿದುಕೊಂಡೇ ನಿಂತ. "ಅಂದ್ರ ನನ್ನ ಅಳತಿ ಸುಳ್ಳೇನು?"

"ಅಳತಿ ಖರೇ ಅದ. ದಿನಾ ನೀ ಹಿಂಗ ಹೊಡೀತಿ ಅನ್ನೋದು ಸುಳ್ಳು."

ಬಾಗಿಲಲ್ಲಿದ್ದ ಅತ್ತಿಗೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ನಾ ಕುಂತಾಗ ಎ.ಸಿ. ಬಂದ್ ಮಾಡ್ಲಿ, ನೋಡ್ತೀನಿ," ಎಂದಳು.

ವಾಪಸು ಬರುವಾಗ ಮತ್ತೊಂದು ಪರೀಕ್ಷೆಯಾಯಿತು. ಅತ್ತಿಗೆ ಮುಂದಿನ ಸೀಟಿನಲ್ಲಿ, ಎ.ಸಿ. ಥರಗುಟ್ಟುವಷ್ಟು ಜೋರು, ಡಿಕ್ಕಿಯಲ್ಲಿ ನಾಲ್ಕು ಬಾಳೆಗೊನೆ, ಓಡಿಸುವವರು ನನ್ನ ಗಂಡ. ಬೆಳಗ್ಗೆ ನಮ್ಮನ್ನು ದಾಟಿದ್ದ ಬಸ್ಸುಗಳ ಮೇಲೆಲ್ಲ ಅವರು ಸೇಡು ತೀರಿಸಿಕೊಂಡರು. ಕಲಬುರಗಿಯ ಅದೇ ಪಂಪಿನಲ್ಲಿ ಅಲುಗಾಡಿಸಿ ತುಂಬಿಸಿದಾಗ ಹದಿಮೂರೂ ಬರಲಿಲ್ಲ. ಅಣ್ಣ ಎರಡು ಸಲ ಭಾಗಿಸಿದ. ಹೊಸದೂ ಹೀಗೇ ಏನು ಎಂದು ಕೇಳಿದ. ಹೊಡೆಯುವ ಕೈ ಇದೇ ಆದರೆ ಹೀಗೇ ಎಂದೆ. ಹಾಗಾದರೆ ಎರಡೂ ಬೇಡ, ನನ್ನ ಜೀಪಿಗೆ ಪುಸ್ತಕವೂ ಇಲ್ಲ, ತಂಟೆಯೂ ಇಲ್ಲ ಎಂದ.

ಬಸ್ ಸ್ಟ್ಯಾಂಡಿನತನಕ ಅವರಿಬ್ಬರ ಜೊತೆ ನಡೆದು ಹೋದೆ. ಕಮಲಾಪುರದ ಬಸ್ಸಿನಲ್ಲಿ ಅತ್ತಿಗೆ ಜಾಗ ಹಿಡಿದಳು. ಅಣ್ಣ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ.

"ನೀ ಬಾಯಿ ಬಿಡದಿದ್ರ ನಾ ತಗೋತಿದ್ದೆ."

"ಗೊತ್ತದ."

"ಮತ್ತ ಯಾಕ ಹೇಳ್ದಿ?"

"ತಿಂಗಳಾದ ಮ್ಯಾಲ ಹದಿನೇಳು ಎಲ್ಲಿ ಹೋತು ಅಂತ ನೀ ಫೋನ್ ಮಾಡ್ತಿದ್ದಿ. ಈಗ ಬರೇ ಕಾರಿನ ಚಿಂತಿ. ಆವಾಗ ಕಾರಿಂದೂ ನಿಂದೂ, ಎರಡೂ ಆಗ್ತಿತ್ತು."

ಅಣ್ಣ ನಕ್ಕು ಒಳಗೆ ಹೋದ. ನಾನು ಪಂಪಿಗೆ ಮರಳಿದಾಗ ನನ್ನ ಗಂಡ ಕಾರಿನ ಗಾಜು ಒರೆಸುತ್ತ ಸಿಳ್ಳೆ ಹಾಕುತ್ತಿದ್ದರು. ನನ್ನನ್ನು ಕಂಡು ಸಿಳ್ಳೆ ನಿಲ್ಲಿಸಿ, ಮುಖವನ್ನು ಸ್ವಲ್ಪ ಸಪ್ಪಗೆ ಮಾಡಿಕೊಂಡು, ನನಗಾಗಿ ಬಾಗಿಲು ತೆರೆದರು.